ಪುಡಿ ರಕ್ಕಸರ ಕೊನೆಯ ಮಾತು

ಬಿಳಿಚೋಡು
14 ಡಿಸೆಂಬರ್ 2025

ಚಿನ್ನದಂಥ ಮಗಳು ಸುಧಾಳಿಗೆ ಅಪ್ಪನ ಆಶೀರ್ವಾದ.

ನಾನು ಉಂಡು ತಿಂದು ಚೆನ್ನಾಗಿದ್ದೇನೆ. ಹೊನ್ನಾಳಿಯಲ್ಲಿ ನೀನೂ ಅಳಿಯಂದಿರೂ ಹಾಗೆಯೇ ಇರಬೇಕು. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಚನ್ನಗಿರಿಯ ಪ್ರೆಸ್ಸಿನವರು ನಿನ್ನ ಆಟದ ಪುಸ್ತಕಕ್ಕೆ ಕಾಯುತ್ತಿದ್ದಾರೆ, ನಾನು ಹೂಂ ಅಥವಾ ಊಹೂಂ ಅನ್ನದೆ ಅದು ಅಚ್ಚಿಗೆ ಹೋಗುವುದಿಲ್ಲ ಎಂಬುದು ಗೊತ್ತು. ಫೋನಿನಲ್ಲೇ ಹೇಳೋಣವೆಂದರೆ, ಕಾರಹುಣ್ಣಿಮೆಯಲ್ಲಿ ನಿಮ್ಮವ್ವ ಹೋದಾಗಿನಿಂದ ನಾವಿಬ್ಬರೂ "ಊಟ ಆಯ್ತಾ" ಎನ್ನುವುದರಲ್ಲೇ ಮಾತು ಮುಗಿಸುತ್ತೇವೆ. ಅದಕ್ಕೇ ಈ ಕಾಗದ.

ಊರಿನ ಸುದ್ದಿ ಅಂಥದ್ದೇನಿಲ್ಲ. ಪಕ್ಕದ ಮನೆಯ ಕೆಂಚೇಶನ ಕುರಿಗಳು ಮರಿ ಹಾಕಿವೆ. ಎಲ್ಲಕ್ಕಿಂತ ಹೆಚ್ಚು ಅರಚುವ ಮರಿಗೆ ಆ ಪೋಲಿ ನಿನ್ನ ಹೆಸರಿಟ್ಟಿದ್ದಾನೆ.

ಒಬ್ಬರು ಕಥೆ ಹೇಳುವುದು, ಮೂರ್ನಾಲ್ಕು ಜನ ದಾಳ ಉರುಳಿಸಿ ಆ ಕಥೆಯ ವೀರರಾಗಿ ಆಡುವುದು. ಇಂಥ ಆಟವನ್ನು ಮಗಳು ಕಟ್ಟುತ್ತಾಳೆಂದರೆ, ಕಥೆ ಹೇಳಿಕೊಂಡೇ ಹಲ್ಲು ಉದುರಿಸಿಕೊಂಡ ನನಗೆ ಹಿಗ್ಗಲ್ಲದೆ ಮತ್ತೇನು? ದೊಡ್ಡ ರಕ್ಕಸನ ನಿಯಮಗಳನ್ನೆಲ್ಲ ನೀನೇ ಬರೆದೆ. ಅವನ ಕಾವಲಿಗೆ ನಿಲ್ಲುವ ಪುಡಿ ರಕ್ಕಸರನ್ನು ನನಗೆ ಬಿಟ್ಟೆ. "ಅಪ್ಪಾ, ಇವರು ಒಂದೇ ಏಟಿಗೆ ಸಾಯೋರು. ಏಟು ತಪ್ಪಿದ್ರೆ ಗೀರೂ ಬೀಳಲ್ಲ, ತಗುಲಿದ್ರೆ ಜೀವ ಇಲ್ಲ. ಗಾಯ ಗೀಯ ಅಂತ ಲೆಕ್ಕ ಇಡಬಾರ್ದು, ಆಟ ಓಡಬೇಕು" ಎಂದಿದ್ದೆ. ನಾನು ಅದಕ್ಕೊಂದು ಬಾಲ ಸೇರಿಸಿದೆ: ಬಿದ್ದವನು ಸಾಯುವ ಮುಂಚೆ ಒಂದು ಮಾತು ಆಡಬೇಕು. ಅವನು ಆಡುವ ತನಕ ಯಾರೂ ದಾಳ ಮುಟ್ಟುವಂತಿಲ್ಲ.

ಆ ಬಾಲ ಕತ್ತರಿಸೋಣ ಎಂದು ನೀನು ಬರೆದಿದ್ದೀಯ. ನ್ಯಾಮತಿಯ ಹುಡುಗಿಯರು ಆಡಿ ನೋಡಿ ಆಕಳಿಸಿದರಂತೆ. ನನಗೆ ಸಿಟ್ಟು ಬಂತು. ಆಡಿಸಲು ಬಾರದವರು ಆಡಿಸಿದ್ದಾರೆ ಎಂದುಕೊಂಡು, ಇಲ್ಲಿ ಕಟ್ಟೆಯ ಮೇಲೆ ಕೆಂಚೇಶನನ್ನೂ ನಿನ್ನ ಗಾದ್ರಮ್ಮತ್ತೆಯನ್ನೂ ಕೂರಿಸಿಕೊಂಡು ನಾನೇ ಆಡಿಸಿದೆ.

ಕೆಂಚೇಶನ ಮೊದಲ ದಾಳಕ್ಕೇ ಒಬ್ಬ ಬಿದ್ದ.

"ಏನ್ ಹೇಳ್ತಾನೆ ಮಾಮ ಇವ್ನು? ಪುಡಿ ರಕ್ಕಸನಿಗೆ ನಾಲಿಗೆ ಬೇರೆ ಐತೇನು?"

"'ನನ್ನ ಚಪ್ಪಲಿ ಹೊಸವು, ತಮ್ಮನಿಗೆ ಕೊಡ್ರಿ' ಅಂದ," ಎಂದೆ.

"ತಮ್ಮನಿಗ್ಯಾಕೆ? ನನ್ನವು ಕಿತ್ತೋಗ್ಯಾವೆ, ನಂಗೇ ಇರ್ಲಿ!" ಎಂದು ಕೆಂಚೇಶ ತೊಡೆ ತಟ್ಟಿ ನಕ್ಕ.

ಎರಡನೆಯವನು ಬಿದ್ದಾಗ ನನ್ನ ಬಾಯಿಂದ ಬಂದದ್ದು ಹೀಗೆ: "ಇವತ್ತು ನನ್ನ ಪಾಳಿ ಅಲ್ರೀ. ಜ್ವರ ಬಂದೋನ ಬದಲಿಗೆ ನಿಂತಿದ್ದೆ."

ನಗು ಅಲ್ಲಿಗೇ ನಿಂತಿತು. ಮೂರನೆಯವನು ಎದುರು ಬಂದಾಗ ಕೆಂಚೇಶ ದಾಳವನ್ನು ಅಂಗೈಯಲ್ಲೇ ಹಿಡಿದು ಕೂತ.

"ಉರುಳ್ಸೋ ಲೇ," ಎಂದಳು ಅತ್ತೆ.

"ಬ್ಯಾಡ ಕಣವ್ವ. ಇವ್ನು ಓಡಿಹೋಗ್ಲಿ. ಇವ್ನ ಮನೇಲಿ ಏನೈತೋ ಏನೋ."

ಆಮೇಲೆ ಅವನು ಯಾರನ್ನೂ ಹೊಡೆಯಲಿಲ್ಲ. ದೊಡ್ಡ ರಕ್ಕಸ ಒಳಗೆ ಹಾಯಾಗಿ ಕೂತ, ಆಟ ಹೊಸಿಲ ಮೇಲೇ ಕೂತಿತು. ನಿನ್ನತ್ತೆಯ ಬಾಯಿ ಗೊತ್ತಲ್ಲ. "ಲೇ ಹನುಮ, ನಿನ್ನ ಮಗಳು ಮಕ್ಕಳು ಆಡಾಕೆ ಅಂತ ಆಟ ಮಾಡ್ಯಾಳೆ. ನೀನು ಅದನ್ನ ಸೂತಕದ ಮನೆ ಮಾಡಿಟ್ಟೆಯಲ್ಲೋ," ಎಂದಳು.

ಮಾತು ನಾಟಿತು. ಕಥೆ ಹೇಳುವಾಗ ಸಾವಿರ ಜನರ ದಂಡನ್ನು "ಸವರಿ ಹಾಕಿದ" ಎಂಬ ಒಂದೇ ಮಾತಿನಲ್ಲಿ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದವನು ನಾನು. ನಿಮ್ಮವ್ವ ಮಾತ್ರ ಅಲ್ಲಿಗೆ ಹೂಂಗುಟ್ಟುವುದನ್ನು ನಿಲ್ಲಿಸಿ, "ಅಷ್ಟು ಜನಕ್ಕೂ ಬುತ್ತಿ ಕಟ್ಟಿದೋರು ಇರ್ತಾರಲ್ಲ" ಎನ್ನುತ್ತಿದ್ದಳು. "ನಡುವೆ ಬಾಯಿ ಹಾಕ್ಬ್ಯಾಡ, ಕಥೆ ನಿಲ್ತೈತೆ" ಎಂದು ಗದರುತ್ತಿದ್ದೆ. ಈಗ ಗದರಿಸಿಕೊಳ್ಳುವ ಸರದಿ ನನ್ನದು.

ಆ ಬಾಲ ತೆಗೆದುಬಿಡು ಮಗಳೇ. ಮುನಿಸಿನಿಂದ ಹೇಳುತ್ತಿಲ್ಲ. ಏಟು ತಪ್ಪಿದರೆ ಗೀರಿಲ್ಲ, ತಗುಲಿದರೆ ಜೀವವಿಲ್ಲ: ನೀನು ಹೇಳಿದ್ದಷ್ಟೇ ಇರಲಿ, ನಾಳೆಯೇ ಪ್ರೆಸ್ಸಿಗೆ ಕಳಿಸು. ಮಕ್ಕಳು ಗದ್ದಲ ಮಾಡಿಕೊಂಡು ಆಡಲಿ. ನಿನ್ನ ಕೆಲಸ ಕೈಗೂಡಲಿ, ನೀವಿಬ್ಬರೂ ನೂರು ಕಾಲ ಬಾಳಿ. ಅಳಿಯಂದಿರನ್ನು ಕೇಳಿದೆನೆಂದು ಹೇಳು.

ಇಂತಿ ನಿನ್ನ ಅಪ್ಪ,
ಹನುಮಣ್ಣ

ತಾ.ಕ.: ಅಂಟಿಸಿದ ಕವರು ಬಿಚ್ಚಿ ಬರೆಯುತ್ತಿದ್ದೇನೆ. "ಅವ್ವ ಕೊನೇಗೆ ಏನಂದ್ಲು?" ಎಂದು ನೀನು ಕೇಳಿದಾಗಲೆಲ್ಲ ನಾನು ಮಳೆ ಬೆಳೆಯ ಮಾತು ತೆಗೆದೆ. ಏನೂ ಅನ್ನಲಿಲ್ಲ, ಸುಧಾ. ಜೋಳ ಕೇರುತ್ತಿದ್ದವಳು ಮೊರದ ಮೇಲೇ ಬಾಗಿದಳು, ಅಷ್ಟೇ. ನರಳದೆ ಹೋದಳು, ಪುಣ್ಯವಂತೆ ಎನ್ನುತ್ತಾರೆ ಊರಿನವರು. ನಿನಗಾಗಿ ಒಂದು ಮಾತು ಕಟ್ಟಿ ಹೇಳಬಹುದಿತ್ತು. ರಕ್ಕಸರಿಗೆಲ್ಲ ಮಾತು ಕಟ್ಟಿಕೊಡುವವನಿಗೆ ಅದೇನು ಕಷ್ಟ? ಆದರೆ ಅವಳ ಬಾಯಲ್ಲಿ ನನ್ನ ಮಾತು ಇಡಲು ಮನಸ್ಸು ಬರಲಿಲ್ಲ. ಅವತ್ತು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ಕಿವಿ ಕೊಟ್ಟೆ. ಈಗ ಅನ್ನುತ್ತಾಳೆ, ಈಗ ಅನ್ನುತ್ತಾಳೆ ಎಂದು ಹಾಗೇ ಕೂತಿದ್ದೆ. ಗಾದ್ರಮ್ಮತ್ತೆ ಬಂದು, "ಸಾಕು ಬಿಡೋ, ಮೈ ತಣ್ಣಗಾಗೈತೆ," ಎಂದು ನನ್ನ ತಲೆ ಎತ್ತಿದಳು.