ಅಣೆಕಟ್ಟು ಹತ್ತಿ ಬಂದ ಸೊಸೆ

ಅಜ್ಜಿ, ನಾನು ಚೆನ್ನಾಗಿದ್ದೇನೆ, ನೆಗಡಿ ಬಿಟ್ಟಿದೆ.

ಅಣೆಕಟ್ಟು ಕಟ್ಟಿದಾಗಿನಿಂದ ಇಲ್ಲಿ ಕೆಳಹೊಳೆಯ ಮೀನುಗಳಿಗೆ ಮೇಲೆ ಬರುವ ದಾರಿಯಿಲ್ಲ. ನಾವು ಇಲ್ಲಿ ಮೀನುಗಳ ಈಜುರೆಕ್ಕೆಯ ಚೂರು ತೆಗೆದು ವಂಶ ಪರೀಕ್ಷಿಸಿದರೆ, ಮೇಲಿರುವವೆಲ್ಲ ತಮ್ಮತಮ್ಮಲ್ಲೇ ನೆಂಟರು. ಮರಿಗಳು ವರ್ಷವರ್ಷಕ್ಕೂ ಸೊರಗುತ್ತಿವೆ. ನಿನ್ನೆ ಮೀನಿಗೆಂದೇ ಕಟ್ಟಿದ ಮೆಟ್ಟಿಲುಗಾಲುವೆಗೆ ನೀರು ಬಿಟ್ಟೆವು. ಮಧ್ಯಾಹ್ನದವರೆಗೂ ಒಂದೂ ಹತ್ತಲಿಲ್ಲ. ನನ್ನ ಮುಖ ಸಪ್ಪಗಾಯಿತು. ಆಮೇಲೆ ಹೊಟ್ಟೆ ತುಂಬ ಮೊಟ್ಟೆ ಹೊತ್ತ ಹೆಣ್ಣುಮೀನೊಂದು ಜಾರಿ ಜಾರಿ ಬಿದ್ದು, ಕೊನೆಗೆ ಎಗರಿ ಮೇಲೆ ಬಂದೇಬಿಟ್ಟಿತು. "ಹೊರಗಿನ ಸೊಸೆ ಬಂದ್ಲು, ದಾರಿ ಬಿಡ್ರೋ!" ಎಂದು ಗೇಟು ಕಾಯುವ ತಾತ ಕೂಗಿದರು. ನಾವೆಲ್ಲ ಕುಣಿದೆವು.

ನನ್ನನ್ನು ಮಾವನ ಮಗನಿಗೇ ಕೊಡುವ ಮಾತು ಇನ್ನಾದರೂ ಬಿಡು, ಅಜ್ಜಿ. ಹೊರಗಿನವನೊಬ್ಬ ಸಿಕ್ಕಿದ್ದಾನೆ. ಇದು ಕಾರ್ಡು, ಅಂಚೆಯವರು ಆಗಲೇ ಓದಿರುತ್ತಾರೆ. ನೀನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಅವಸರದಲ್ಲಿ,
ನಿನ್ನ ಮೊಂಡಿ ಮೊಮ್ಮಗಳು