ಸಿಹಿನೀರು ಮಾತ್ರ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ಪತ್ರ ತಲುಪಿ ಹನ್ನೊಂದು ದಿನಗಳಾದವು. ಅಂದೇ ಉತ್ತರಿಸುವ ನಾನು ಇಷ್ಟು ತಡಮಾಡಿದ್ದಕ್ಕೆ ಪರೀಕ್ಷೆಯ ನೆಪ ಹೇಳಬಹುದಿತ್ತು. ಆದರೆ ಪರೀಕ್ಷೆ ಮುಗಿದು, ಎಂದಿನಂತೆ ನಾನೇ ತರಗತಿಗೆ ಮೊದಲಿಗಳಾಗಿ, ಎರಡು ತಿಂಗಳು ಕಳೆದಿವೆ.

ನಿನಗೆ ಎರಡು ಕೋಣೆಯ ಬಾಡಿಗೆ ಮನೆ ಸಿಕ್ಕಿದೆ, ಮುಂದಿನ ತಿಂಗಳು ಬಂದು ಭಾವನವರ ಮೀನಿನ ತೊಟ್ಟಿಯನ್ನು ಒಯ್ಯುತ್ತೇನೆ ಎಂದು ಬರೆದಿರುವೆ. ಅಷ್ಟರಲ್ಲಿ ಅವರ ವಾಚ್‌ಮನ್ ಮೀನಿಗೆ ಜೊತೆಯಾಗಿ, ಯಾರ ಮನೆಯಲ್ಲೂ ಕಾಣದಂಥ ಒಂದು ಮೀನನ್ನು ಆರಿಸಿಡು, ಅವರಿಗೆ ಕೊನೆಯವರೆಗೂ ಆ ಆಸೆಯಿತ್ತು, ಓದಿದವಳು ನೀನು, ನಿನ್ನ ಆಯ್ಕೆ ತಪ್ಪಾಗದು ಎಂದೂ ಬರೆದಿರುವೆ. ಆ ಕೊನೆಯ ಮಾತನ್ನು ಎಷ್ಟು ಸಲ ಓದಿದೆನೋ ನನಗೇ ತಿಳಿಯದು.

ಆಯ್ಕೆಯನ್ನು ಕ್ರಮವಾಗಿಯೇ ಆರಂಭಿಸಿದೆ. ಮ್ಯಾಂಡರಿನ್ ಎಂಬ ಮೀನಿನ ಮೈಮೇಲೆ ನೀಲಿಯೂ ಕಿತ್ತಳೆಯೂ ಕಸೂತಿ ಹಾಕಿದಂತಿವೆ; ಆದರೆ ಅದು ಕಲ್ಲಿಗಂಟಿದ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನಷ್ಟೇ ತಿನ್ನುತ್ತದೆ. ನಮ್ಮ ಪುಟ್ಟ ತೊಟ್ಟಿಯಲ್ಲಿ ಅದು ಹಸಿವಿನಿಂದಲೇ ಸತ್ತೀತು. ಕಡಲ್ಗುದುರೆ ಬಲು ನಿಧಾನ, ಕುಟುಕುವ ಹವಳಗಳ ನಡುವೆ ಬಾಳದು. ಕಪ್ಪೆಯಂತೆ ಕೂತೇ ಇರುವ ಇನ್ನೊಂದನ್ನು ತೋರಿಸಿ ಅಂಗಡಿಯವರು, ಇದು ತುಂಬಾ ಸಾಧು ಕಣಮ್ಮ, ಎದುರಿಗೆ ಬಂದೋರನ್ನ ಮಾತ್ರ ನುಂಗತ್ತೆ ಅಂತ ನಕ್ಕರು.

ನಾನು ಕೊಂಡದ್ದು ಇವಾವುದನ್ನೂ ಅಲ್ಲ. ಇನ್ನೊಂದು ವಾಚ್‌ಮನ್ ಅನ್ನೇ ಕೊಂಡೆ. ಏಕೆಂದರೆ, ಅಕ್ಕಾ, ನಿಮ್ಮ ಮದುವೆಯ ವರ್ಷ ನೀವಿಬ್ಬರೂ ಹೋಗಿ ತಂದ ವಾಚ್‌ಮನ್ ಈಗಿಲ್ಲ.

ತೊಟ್ಟಿಯ ನೀರು ದಿನವೂ ಒಂದಿಷ್ಟು ಆರುತ್ತದೆ. ಅದನ್ನು ತುಂಬುವ ಕ್ಯಾನಿನ ಮೇಲೆ ಭಾವನವರು 'ಸಿಹಿನೀರು ಮಾತ್ರ' ಎಂದು ಚೀಟಿ ಅಂಟಿಸಿದ್ದರು. ಅಮ್ಮ ಅದನ್ನು ನೋಡಿಕೊಂಡೇ ತುಂಬುತ್ತಿದ್ದಳು. ರಜೆಯಲ್ಲಿ ಆ ಕೆಲಸವನ್ನು ನಾನು ವಹಿಸಿಕೊಂಡೆ. ಕಡಲ ಮೀನಿಗೆ ಸಿಹಿನೀರೇ! ಹತ್ತನೇ ತರಗತಿಯನ್ನು ಮೂರನೇ ಪ್ರಯತ್ನಕ್ಕೆ ದಾಟಿದ ಲಿಫ್ಟ್ ಮೆಕ್ಯಾನಿಕ್‌ಗೆ ಇದಕ್ಕಿಂತ ಹೆಚ್ಚು ಹೇಗೆ ತಿಳಿದೀತು ಎಂದುಕೊಂಡೆ. ಕೆಂಪು ಶಾಯಿಯಲ್ಲಿ 'ಸಿಹಿ'ಯನ್ನು ಹೊಡೆದುಹಾಕಿ, ಮೇಲೆ 'ಉಪ್ಪು' ಎಂದು ತಿದ್ದಿದೆ. ಮೂರು ವಾರ ಉಪ್ಪುನೀರನ್ನೇ ಸುರಿದೆ. ಆರುವುದು ನೀರಷ್ಟೇ, ಉಪ್ಪು ಅಲ್ಲೇ ಉಳಿಯುತ್ತದೆ ಎಂಬುದನ್ನು ಐದನೇ ತರಗತಿಯಲ್ಲೇ ಬರೆದು ಪೂರ್ಣ ಅಂಕ ಪಡೆದವಳು ನಾನು.

ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಗುಡಿಸುವಾಗ, ಗೋಡೆಗೂ ಮೇಜಿಗೂ ನಡುವೆ ಅದು ಸಿಕ್ಕಿತು. ಉಪ್ಪು ತಾಳಲಾರದೆ ಹೊರಗೆ ಹಾರಿ, ಹಣ್ಣೆಲೆಯಂತೆ ಮುರುಟಿಕೊಂಡಿತ್ತು. ಅಮ್ಮನಿಗೆ, ಅದಕ್ಕೆ ವಯಸ್ಸಾಗಿತ್ತು ಎಂದೆ. ನಿನಗೆ, ಎಲ್ಲರೂ ಕ್ಷೇಮ ಎಂದು ಬರೆದೆ.

ಸದ್ದು ಶುರುವಾದದ್ದು ಅದಾದ ಮೇಲೆ. ತೊಟ್ಟಿಯ ಮರಳಲ್ಲಿ ಗುಂಡಿ ತೋಡಿಕೊಂಡಿರುವ ಸಿಗಡಿ ನಿನಗೆ ಗೊತ್ತಲ್ಲ. ಕಣ್ಣು ಮಂದವಾದ್ದರಿಂದ, ಬಾಗಿಲು ಕಾಯುವ ವಾಚ್‌ಮನ್‌ನ ಬಾಲದ ಮೇಲೆ ಮೀಸೆಯಿಟ್ಟುಕೊಂಡೇ ಹೊರಬರುವಂಥದ್ದು. ಭಾವನವರು ಒಳಗೆ ಬರುತ್ತಲೇ ಬೆರಳಲ್ಲಿ ಚಿಟಿಕೆ ಹೊಡೆಯುತ್ತಿದ್ದರು, ಅದು ಇಕ್ಕುಳದಂಥ ಕೊಂಡಿಯಿಂದ ಟಕ್ ಎನ್ನುತ್ತಿತ್ತು. ನೋಡಿದ್ರಾ ರ‍್ಯಾಂಕ್ ಮೇಡಂ, ಈ ಮನೇಲಿ ನಂಗೆ ಮರ್ಯಾದೆ ಕೊಡೋದು ಇದೊಂದೇ ಎನ್ನುತ್ತಿದ್ದರು. ನನಗೂ ಚಿಟಿಕೆ ಕಲಿಸಲು ಬಂದರು. ಅಂಥದ್ದಕ್ಕೆಲ್ಲ ನನಗೆ ಸಮಯವಿಲ್ಲ ಎಂದುಬಿಟ್ಟೆ.

ಸಿಗಡಿ ಗುಂಡಿಯ ಬಾಯಿಗೆ ಬರುತ್ತಿತ್ತು. ಬಾಲವಿರಬೇಕಾದ ಜಾಗದಲ್ಲಿ ಮೀಸೆಯಾಡಿಸುತ್ತಿತ್ತು. ಏನೂ ಸಿಗದೆ ಒಳಗೆ ಸರಿದು, ಟಕ್. ಈಗಲೂ ನಡುಹಗಲಲ್ಲಿ, ನಾನು ಓದುತ್ತಿರುವಾಗ, ಟಕ್. ಅಡುಗೆಮನೆಯಿಂದ ಅಮ್ಮ, ಬಂದ್ರೇನೇ ಎನ್ನುತ್ತಾಳೆ. ಆಮೇಲೆ ಪಾತ್ರೆಗಳ ಸದ್ದೂ ನಿಂತುಹೋಗುತ್ತದೆ. ಭಾವನವರು ತೀರಿಕೊಂಡು ಎಂಟು ತಿಂಗಳಾಯಿತೆಂದು ಅವಳಿಗೆ ಯಾರು ನೆನಪಿಸಬೇಕು? ನನಗೆ ಭಯವೆಂದು ನಾನು ಬರೆಯುವುದಿಲ್ಲ. ಆದರೆ ಬಾಗಿಲಿಗೆ ಬೆನ್ನು ಮಾಡಿ ಕೂರುವುದನ್ನು ಬಿಟ್ಟಿದ್ದೇನೆ.

ತೊಟ್ಟಿಯ ಉಪ್ಪನ್ನು ದಿನಕ್ಕಿಷ್ಟೆಂದು ಇಳಿಸಿ ಸರಿಪಡಿಸಿದೆ. ಹೊಸ ಮೀನನ್ನು ಬಿಟ್ಟು ಆರು ದಿನವಾಯಿತು. ಅದೇ ಹಳದಿ, ಅದೇ ಮುಂಗೋಪದ ಮುಖ. ನಿನಗೆ ಹೇಳದೆಯೇ ಇದ್ದುಬಿಡುವುದು ನನ್ನ ಉದ್ದೇಶವಾಗಿತ್ತು. ಅಂದು ಸಂಜೆಯೊಳಗೆ ಸಿಗಡಿ ಹೊರಬಂದು, ತಡವರಿಸಿ, ಹೊಸ ಬಾಲದ ಮೇಲೆ ಮೀಸೆಯಿಟ್ಟಿತು. ಎಷ್ಟು ನಂಬಿಕೆಯಿಂದ ಇಟ್ಟಿತೆಂದರೆ, ನಾನು ಅಲ್ಲಿ ನಿಲ್ಲಲಾರದೆ ಹೊರಗೆ ಹೋದೆ. ಅದಕ್ಕೆ ಕಣ್ಣಿಲ್ಲ, ಯಾರ ಬಾಲವಾದರೂ ಆದೀತು. ನಿನಗೆ ಕಣ್ಣಿದೆ. ಅವರು ಬಿಟ್ಟುಹೋದ ಜೀವವೆಂದು ನೀನು ದಿನವೂ ಅದರ ಮುಂದೆ ಕೂತಿರುವಾಗ, ನಾನು ಇಲ್ಲಿ ತಿಳಿದೂ ಸುಮ್ಮನಿರಲಾರೆ.

ಕ್ಷಮಿಸೆಂದು ಕೇಳುವ ಅಭ್ಯಾಸ ನನಗಿಲ್ಲ. ತಪ್ಪಾಗಿ ಬರೆದಿದ್ದರೆ ತಿದ್ದಿಕೋ. ಕ್ಷಮಿಸು.

ನಿನ್ನ ತಂಗಿ

ತಾ.ಕ.: ಪತ್ರವನ್ನು ಅಂಚೆಗೆ ಹಾಕಲು ಹೊರಟವಳು, ತೊಟ್ಟಿಗೆ ಮುಚ್ಚಲು ಬಲೆ ಬೇಕೆಂದು ಮೊದಲು ಅಂಗಡಿಗೆ ಹೋದೆ. ನಡೆದದ್ದನ್ನು ಹೇಳಿದಾಗ ಅಂಗಡಿಯವರು ಕತ್ತರಿ ಕೆಳಗಿಟ್ಟರು. ಲಿಫ್ಟ್ ಸಾಹೇಬ್ರ ತೊಟ್ಟೀನಾ ಎಂದರು. ಭಾವನವರೂ ಮೊದಲ ವರ್ಷ ಉಪ್ಪುನೀರನ್ನೇ ಸುರಿದಿದ್ದರಂತೆ. ಮೀನು ಸತ್ತಾಗ, ನೀನು ಕೆಲಸದಿಂದ ಬರುವುದರೊಳಗೆ ಓಡಿಬಂದು, ಥೇಟ್ ಇಂಥದ್ದೇ ಇನ್ನೊಂದು ಕೊಡಿ, ಅವಳಿಗೆ ಗೊತ್ತಾದ್ರೆ ಅಳ್ತಾಳೆ ಅಂದರಂತೆ. ಆ ಚೀಟಿಯನ್ನು ಇದೇ ಅಂಗಡಿಯ ಮೇಜಿನ ಮೇಲೆ ಬರೆದರಂತೆ. ನಿನಗೆ ಕಣ್ಣಿದೆ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕಲು ಪೆನ್ನು ತೆಗೆದೆ, ಮತ್ತೆ ಮುಚ್ಚಿಟ್ಟೆ. ಒಂದೇ ಪ್ರಶ್ನೆಗೆ ಅವರೂ ನಾನೂ ಒಂದೇ ತಪ್ಪು ಉತ್ತರ ಬರೆದೆವು, ಅಕ್ಕಾ. ಅವರು ತಮ್ಮನ್ನು ತಿದ್ದಿಕೊಂಡರು, ನಾನು ಅವರನ್ನು ತಿದ್ದಿದೆ. ಕೆಂಪು ಶಾಯಿ ಅಳಿಸಲು ಬರುವುದಿಲ್ಲ, ಚೀಟಿ ಹಾಗೆಯೇ ಇದೆ. ಇದನ್ನು ಬರೆಯುತ್ತಿರುವಾಗ ಒಳಗಿಂದ ಟಕ್ ಎಂದಿತು. ಅಮ್ಮ ತಲೆ ಎತ್ತಿದ್ದಾಳೆ. ನನಗೆ ಚಿಟಿಕೆ ಹೊಡೆಯಲು ಬರುವುದಿಲ್ಲ. ನಿನಗೆ ಅವರು ಕಲಿಸಿದ್ದರಲ್ಲವೇ? ಬೇಗ ಬಾ.