ಎರಡನೆಯ ಕಂಟ್ರೋಲರ್

ಹೊಳೆನರಸೀಪುರ
ಸೋಮವಾರ

ನಟರಾಜ ಭಾವನವರಿಗೆ ಪ್ರತಿಭಾಳ ನಮಸ್ಕಾರ.

ಫೋನಿನಲ್ಲಿ ಹೇಳಿದರೆ ಅತ್ತೆಯವರಿಗೆ ಕೇಳಿಸುತ್ತದೆ. ಅದಕ್ಕೇ ಹಿರೀಸಾವೆಗೆ ಬರುತ್ತಿರುವ ಕೆಂಪಣ್ಣನವರ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ.

ನಿಮ್ಮ ತಮ್ಮನ ಶಿವಗಣಾರಾಧನೆ ಮುಗಿದ ದಿನ ಅತ್ತೆ ಇವರ ಬಟ್ಟೆಬರೆಯನ್ನೆಲ್ಲ ಚೀಲಕ್ಕೆ ತುಂಬಿ, ಯಾರಿಗಾದರೂ ಕೊಡು ಎಂದು ನಿಮಗೆ ಕೊಟ್ಟರಲ್ಲ, ಅದರಲ್ಲಿ ಮಗಳು ಮಾನ್ಯಳ ಟೀವಿ ಆಟದ ಕಂಟ್ರೋಲರ್ ಒಂದು ಹೋಗಿದೆ. ಇವರು ಹಿಡಿದು ಆಡುತ್ತಿದ್ದದ್ದು. "ತೀರೋದವನು ಮುಟ್ಟಿದ್ದು ಮನೇಲಿ ಇರಬಾರ್ದು ಕಣವ್ವ" ಎಂದು ಅತ್ತೆಯೇ ಹಾಕಿದ್ದರು. ಅವರಿಗೆ ಹೇಳಬೇಡಿ, ನೊಂದುಕೊಳ್ಳುತ್ತಾರೆ.

ಅದು ಸಿನಿಮಾ ಕಥೆಗಳನ್ನೇ ಇಟ್ಟುಕೊಂಡು ಮಾಡಿದ ಆಟ. ಇಬ್ಬರು ಒಂದೊಂದು ಬೊಂಬೆಯನ್ನು ನಡೆಸುತ್ತ, ಸೇರಿ ಒಗಟು ಬಿಡಿಸಿ, ಬಾಗಿಲು ತೆರೆಯುತ್ತ ಮುಂದೆ ಹೋಗಬೇಕು. ಒಬ್ಬರೇ ಆಡಿದರೆ ಎರಡನೆಯ ಬೊಂಬೆಯನ್ನು ಆಟವೇ ನಡೆಸುತ್ತದೆ, ಒಂದು ಸಲವೂ ತಪ್ಪುವುದಿಲ್ಲ. ಇವರಾದರೋ ಸೇತುವೆ ಬಂದಲ್ಲೆಲ್ಲ ನೀರಿಗೆ ಬೀಳುತ್ತಿದ್ದರು. ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ನಿನ್ನೆ ಆ ಬೊಂಬೆ ಸೇತುವೆಯನ್ನು ಸಲೀಸಾಗಿ ದಾಟಿತು. "ಅಪ್ಪ ಇಂಗೆ ಆಡ್ತಿರ್ಲಿಲ್ಲ" ಎಂದು ಟೀವಿ ಆರಿಸಿಬಿಟ್ಟಳು.

ಜೊತೆಗೆ ನಾನು ಕೂರಲೇ, ಆದರೆ ನನಗೆ ಆಡಲು ಬರುವುದಿಲ್ಲ ಎಂದೆ.

"ಅದಕ್ಕೇ ಕಣಮ್ಮ, ನೀನೇ ಆಡು. ನೀನೂ ಬೀಳ್ತೀಯ."

ಬಟ್ಟೆಗಳನ್ನು ಯಾರಿಗೆ ಬೇಕಾದರೂ ಕೊಡಿ. ಕಂಟ್ರೋಲರನ್ನು ಮಾತ್ರ ಬುಧವಾರ ಹಿಂತಿರುಗುವ ಕೆಂಪಣ್ಣನವರ ಕೈಲಿ ಕಳಿಸಿ. ಧೂಳು ಕೂತಿದೆಯೆಂದು ಒರೆಸಬೇಡಿ. ಇವರು ಮುಟ್ಟಿದ್ದು ಹೇಗಿದೆಯೋ ಹಾಗೇ ಬರಲಿ.

ನಿಮ್ಮ ಮನೆಯ
ಪ್ರತಿಭಾ